ಕಟ್ಟೆಕೆಳಗಿನ ಸೊನ್ನೆ

ಮೇ 5, 2025, ಸೋಮವಾರ. ಹೊಸಪೇಟೆ

ಇವತ್ತು ಕಚೇರಿಯಲ್ಲಿ ನನ್ನನ್ನು ಹೊಗಳಿದರು, ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡ ಸಾಹೇಬರು ಎಲ್ಲರ ಎದುರಿಗೆ, "ಕೊಟ್ರಯ್ಯನವರ ಫೈಲು ಅಂದರೆ ಕಣ್ಣು ಮುಚ್ಚಿ ಸಹಿ ಹಾಕಬಹುದು" ಎಂದರು. ಅವರು ಎಲ್ಲರ ಫೈಲಿಗೂ ಹಾಗೆಯೇ ಸಹಿ ಹಾಕುತ್ತಾರೆ ಎಂಬುದು ಬೇರೆ ಮಾತು.

ಅಣೆಕಟ್ಟು ಸುರಕ್ಷತೆಯ ಹೊಸ ಕಾಯ್ದೆ ಬಂದಿರುವುದರಿಂದ ನಮ್ಮ ಉಪವಿಭಾಗದ ಆರು ಸಣ್ಣ ಅಣೆಕಟ್ಟುಗಳ ಅಪಾಯ ವರ್ಗೀಕರಣವನ್ನು ಈ ತಿಂಗಳ ಮೂವತ್ತೊಂದರೊಳಗೆ ಹೊಸದಾಗಿ ಮಾಡಿ ಕಳಿಸಬೇಕು. ಹೋದ ಆಗಸ್ಟಿನಲ್ಲಿ ದೊಡ್ಡ ಡ್ಯಾಮಿನ ಗೇಟೊಂದು ಕೊಚ್ಚಿಹೋದ ಮೇಲೆ ಹೊಸಪೇಟೆಯಲ್ಲಿ ಕ್ಷೌರಿಕನೂ ಅಣೆಕಟ್ಟು ತಜ್ಞನೇ. ಆದರೂ ವರ್ಗೀಕರಣ ಎಂದರೇನು ಎಂದು ಯಾರಿಗೂ ತಿಳಿಯದು. ಕಟ್ಟೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಒಂದು ವೇಳೆ ಒಡೆದರೆ ಕೆಳಗೆ ಎಷ್ಟು ಜನ ಸಿಗುತ್ತಾರೆ ಎಂದು ಕೇಳುತ್ತದೆ. ಊರಿದ್ದರೆ ಹೆಚ್ಚು ಅಪಾಯ: ಸೈರನ್ನು, ವರ್ಷಕ್ಕೆರಡು ತಪಾಸಣೆ, ಯಾರನ್ನು ಹೇಗೆ ಪಾರು ಮಾಡಬೇಕೆಂಬ ತುರ್ತು ಯೋಜನೆ. ಯಾರೂ ಇಲ್ಲದಿದ್ದರೆ ಕಡಿಮೆ ಅಪಾಯ: ದೇವರಿದ್ದಾನೆ.

ಐದು ಮುಗಿದಿವೆ. ಉಳಿದದ್ದು ಸಂಡೂರಿನ ಗುಡ್ಡದ ಗೊಗ್ಗರಿಹಳ್ಳದ ಕಟ್ಟೆ. ಹನ್ನೊಂದು ವರ್ಷದ ಹಿಂದೆ ಅದನ್ನು ನೋಡಿ ಬಂದು "ಕೆಳಭಾಗದಲ್ಲಿ ಜನವಸತಿ: ಸೊನ್ನೆ" ಎಂದು ಬರೆದವನು ನಾನೇ. ಇನ್ನೊಂದು ಸೊನ್ನೆ ಬರೆಯಲು ಅರ್ಧ ದಿನ ಸಾಕು.

ಮೇ 7, ಬುಧವಾರ

ಅರ್ಧ ದಿನ ಸಾಲಲಿಲ್ಲ.

ಜೊತೆಗೆ ನಮ್ಮ ಕಿರಿಯ ಎಂಜಿನಿಯರ್ ಸುಧಾರಾಣಿ ಇದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ. ನನ್ನ ಮೇಲೆ ಇನ್ನೂ ಗೌರವ ಉಳಿಸಿಕೊಂಡಿದ್ದಾಳೆ. ಕಟ್ಟೆಯ ಮೇಲೆ ನಿಂತು, ಇಲ್ಲಿ ನೀರಿನ ಆಳ ಇಷ್ಟು, ಏರಿಯ ಎತ್ತರ ಇಷ್ಟು ಎಂದು ನಾನು ದಶಮಾಂಶ ಸಮೇತ ಹೇಳುತ್ತಿದ್ದರೆ ಅವಳು ಕೆಳಗೆ ನೋಡುತ್ತಿದ್ದಳು.

"ಸರ್, ಸೊನ್ನೆ ಮಂದಿಗೆ ಇಷ್ಟು ಡಿಶ್ ಆಂಟೆನಾ ಯಾಕ?"

ನೋಡಿದೆ. ತಗಡಿನ ಮಾಡುಗಳು, ಒಣಗಲು ಹಾಕಿದ ಸೀರೆಗಳು, ಒಂದು ಟ್ರ್ಯಾಕ್ಟರು. ತೂಬಿನ ಬಳಿ ನೀರುಗಂಟಿ ಜಂಬಪ್ಪ ಕೂತಿದ್ದ. ತೂಬು ಎತ್ತುವುದು, ಇಳಿಸುವುದು, ಏರಿ ಕಾಯುವುದು ಅವನ ಮನೆತನದ ಕೆಲಸ. ವಯಸ್ಸು ಅರವತ್ತೆಂಟು. ಅದು ಯಾವ ಊರು, ಯಾವಾಗ ಬಂದು ಕೂತರು ಎಂದು ಕೇಳಿದೆ.

"ಕಟ್ಟೆಕೆಳಗಿನ ಹಟ್ಟಿ ಅಂತಾರ್ರಿ. ಅವ್ರೇನು ಎಲ್ಲಿಂದಾನೂ ಬಂದಿಲ್ಲ. ನಮ್ಮಜ್ಜ ಕಟ್ಟಿ ಕಾಯಾಕ ಬಂದಾಗ್ಲೇ ಇದ್ರು."

ಅಪಾಯ ವರ್ಗೀಕರಣವನ್ನು ತನ್ನ ಹೆಸರಿನಲ್ಲೇ ಮಾಡಿಕೊಂಡಿರುವ ಊರು. ನನಗೆ ಮಾತ್ರ ಗೊತ್ತಾಗಿರಲಿಲ್ಲ.

"ನಾನು ಹಿಂದ ಬಂದಾಗ ಯಾರೂ ಇರಲಿಲ್ಲಪಾ," ಎಂದೆ, ತುಸು ಗತ್ತಿನಿಂದಲೇ.

"ಹೆಂಗ ಇರ್ತಾರ್ರಿ? ನೀವು ಬಂದಿದ್ದು ದವನದ ಹುಣ್ಣಿಮಿ ದಿನ, ಅದೂ ಮಂಗಳವಾರ. ಹಟ್ಟಿಗೆ ಹಟ್ಟಿನೇ ಟೆಂಪೋ ಮಾಡ್ಕೊಂಡು ಹುಲಿಗೆಮ್ಮನ ಗುಡಿಗೆ ಹೋಗಿತ್ತು. ಹೆಂಗಸರ ಸಂಘದ ಹೊಳೆಮ್ಮನ ಅತ್ತಿ ಒಬ್ಬಾಕಿ ಉಳಿದಿದ್ಲು, ಮಣಕಾಲು ಬ್ಯಾನಿ ಅಂತ."

ಹಾಗೇನೂ ನೆನಪಿಲ್ಲ ಎಂದೆ. ಆಮೇಲೆ, ಹಟ್ಟಿ ಇರುವುದೇ ನಿಜವಾದರೆ ಈ ಕಟ್ಟೆ 'ಹೆಚ್ಚು ಅಪಾಯ'ದ ವರ್ಗಕ್ಕೆ ಹೋಗುತ್ತದೆ ಎಂದು ಸುಧಾರಾಣಿಗೆ ಹೇಳಿದ್ದು ಜಂಬಪ್ಪನ ಕಿವಿಗೆ ಬಿತ್ತು. ಎದ್ದೇ ನಿಂತ.

"ನನ್ನ ಕಟ್ಟಿಗೆ ಏನಾಗೇತ್ರಿ? ಇರುವಿ ತೂತು ಬಿದ್ರೂ ಮುಚ್ಚೀನಿ. ಅಪಾಯ ಅಂತ ಹೆಂಗ ಬರೀತೀರಿ?"

ಕಟ್ಟೆಯ ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಾಲು ಗಂಟೆ ವಿವರಿಸಿದೆ. ಅವನು ಕೇಳಿಸಿಕೊಂಡ. ಒಪ್ಪಲಿಲ್ಲ.

ಸಂಜೆ ಮನೆಗೆ ಬಂದು ಹಳೆಯ ದಿನಚರಿ ಹುಡುಕಿದೆ, ಅವನ ಮಾತು ಸುಳ್ಳೆಂದು ತೋರಿಸಲಿಕ್ಕೆ. ಸಿಕ್ಕಿತು. "ಏಪ್ರಿಲ್ 15, 2014, ಮಂಗಳವಾರ. ಗೊಗ್ಗರಿಹಳ್ಳ ತಪಾಸಣೆ. ಕೆಳಗೆ ಜನವಸತಿ ಇಲ್ಲ. ಅಲ್ಲಿನ ಮುದುಕಿಯೊಬ್ಬಳು ಕೊಟ್ಟ ಮಜ್ಜಿಗೆ ಬಹಳ ಚೆನ್ನಾಗಿತ್ತು."

ಮೇ 8, ಗುರುವಾರ

ಒಬ್ಬ ಮುದುಕಿಯನ್ನು ಜನವಸತಿ ಎನ್ನಲಾಗದು. ಬೀಗ ಹಾಕಿದ ಮನೆಯೊಳಗೆ ಇಣುಕಲು ಎಂಜಿನಿಯರಿಗೆ ಅಧಿಕಾರವಿಲ್ಲ. ಆಗ ಚುನಾವಣೆಯ ಕೆಲಸವೂ ಇತ್ತು. ಆಗ ಈ ಕಾಯ್ದೆಯೇ ಇರಲಿಲ್ಲ.

ಒಂದು ಸೊನ್ನೆಗೆ ನಾಲ್ಕು ಸಮರ್ಥನೆ. ಯಾವ ಅಣೆಕಟ್ಟಿಗೂ ನಾನು ಇಷ್ಟು ಆಧಾರ ಕೊಟ್ಟಿದ್ದಿಲ್ಲ.

ಮೇ 12, ಸೋಮವಾರ. ರಜೆ

ಕಂಪ್ಲಿಯಿಂದ ಹೆಂಡತಿ ಸುಮಂಗಲಾಳ ತಂಗಿಯ ಮನೆಯವರು ಬಂದಿದ್ದರು. ಎಲ್ಲರನ್ನೂ ಹಂಪಿಗೆ ಕರೆದುಕೊಂಡು ಹೋದೆ. ಬುದ್ಧ ಪೂರ್ಣಿಮೆ, ವಿಪರೀತ ಜನ. ಒಂದು ಮಂಟಪವನ್ನು ಬಿಚ್ಚಿ ಮತ್ತೆ ಜೋಡಿಸಲು ಇಟ್ಟಿದ್ದ ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಒಂದು ಕಲ್ಲೂ ಬಿಟ್ಟಿರಲಿಲ್ಲ. ನೋಡುತ್ತಾ ನಿಂತೆ. "ಏನ್ರೀ, ಕಲ್ಲು ಎಣಸಾಕ ಬಂದೀರೇನು?" ಎಂದು ಹೆಂಡತಿ ಕೂಗಿದಳು.

ಕಡ್ಡಿರಾಂಪುರದಲ್ಲಿ ಊಟ. ಸಾರು ಖಾರ.

ಮೇ 13, ಮಂಗಳವಾರ

ಫಾರಂ ಹಿಡಿದು ಹಟ್ಟಿಗೆ ಹೋದೆವು. ಮುಂಜಾನೆ ಆರಕ್ಕೇ ಹೋದದ್ದು, ಯಶವಂತನಗರದ ಗಣಿಗೆ ಹೋಗುವವರು ಕಂಪನಿ ಬಸ್ಸು ಹತ್ತುವ ಮುಂಚೆ ಸಿಗಲಿ ಎಂದು. ನಮ್ಮ ಜೀಪು ಕಂಡದ್ದೇ ತಡ, ಬಾಗಿಲುಗಳಿಗೆ ಬೀಗ ಬೀಳುವ ಸದ್ದು ಸಾಲಾಗಿ ಕೇಳಿತು. ಒಂದು ಮನೆಗೆ ಹೊರಗಿನಿಂದ ಬೀಗ, ಒಳಗಿನಿಂದ ಟಿವಿ.

ಹೊಳೆಮ್ಮ ಒಬ್ಬಳೇ ಮುಂದೆ ಬಂದಳು. ಐವತ್ತರ ಆಸುಪಾಸು, ಹೆಂಗಸರ ಸಂಘದ ಮುಖ್ಯಸ್ಥೆ.

"ನಾವಿಲ್ಲಿ ಇರೋರಲ್ರಿ. ಕುರೆಕುಪ್ಪದಾಗ ಮನಿ ಐತಿ. ಇಲ್ಲಿ ಬರೇ ದನ ಕಟ್ಟತೀವಿ."

ಸುಧಾರಾಣಿ ಕುರೆಕುಪ್ಪದವಳು. "ಕುರೆಕುಪ್ಪದಾಗ ಎಲ್ಲಿ ಅಕ್ಕಾ?"

"ಅಲ್ಲೇ, ಗುಡಿ ಹಿಂದ."

"ಯಾವ ಗುಡಿ?"

"ಏ, ಎಲ್ಲಾ ಊರಾಗೂ ಒಂದು ಗುಡಿ ಇರ್ತೈತಿ ಬಿಡು ತಂಗಿ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹೊಳೆಮ್ಮ ನಿಜ ಹೇಳಿದಳು. ಮೂರು ವರ್ಷದ ಹಿಂದೆ ಬೇರೊಂದು ಇಲಾಖೆಯವರು ಬಂದು ಏಳು ಮನೆ ಎಣಿಸಿ ಹೋದರಂತೆ. ಆ ಏಳು ಮನೆಗೂ ನೋಟಿಸು ಬಂತು: ಜಾಗ ಸರ್ಕಾರದ್ದು, 2015ಕ್ಕೆ ಮುಂಚಿನಿಂದ ಇದ್ದೀರೆಂದು ಸರ್ಕಾರಿ ಕಾಗದ ತೋರಿಸಿ, ಇಲ್ಲವೇ ಎದ್ದು ಹೋಗಿ. ಕಾಗದ ಯಾರಲ್ಲೂ ಇಲ್ಲ. ಆಧಾರ್ ಕಾರ್ಡಿನಲ್ಲಿ ಎಲ್ಲರದೂ ಬೇರೆ ಊರಿನ ವಿಳಾಸ. ಇನ್ನೂ ಅಲೆಯುತ್ತಿದ್ದಾರೆ.

"ಅದಕ್ಕ ಎಣಿಸೋದು ಬ್ಯಾಡ್ರಿ. ನೀವು ಭಾಳ ಚಲೋ ಮನುಷ್ಯಾರು. ಹಿಂದಕ ಸೊನ್ನಿ ಬರದು ಪುಣ್ಯಾ ಕಟ್ಕೊಂಡ್ರಿ. ಈಗೂ ಅದನ್ನೇ ಬರೀರಿ."

"ಕೆರೆ ಒಡದ್ರ ಸುದ್ದಿ ಹೇಳೋರು ಯಾರೂ ಇರಂಗಿಲ್ಲಮ್ಮಾ," ಎಂದೆ.

"ಕೆರಿ ಒಡಿಯೋದು ಯಾವಾಗೋ. ನೋಟಿಸು ಬರೋದು ಸೋಮವಾರ."

ದೊಡ್ಡ ಸಾಹೇಬರಿಗೆ ಸೊನ್ನೆ ಬೇಕು, ಹಟ್ಟಿಗೆ ಸೊನ್ನೆ ಬೇಕು, ನನಗಂತೂ ಬೇಕೇ ಬೇಕು. ನನ್ನ ಒಂದು ತಪ್ಪಿಗೆ ಇಷ್ಟು ಜನ ಬೆಂಬಲಿಗರಿರುವುದು ಗೊತ್ತಿರಲಿಲ್ಲ. ಚುನಾವಣೆಗೆ ನಿಲ್ಲಬಹುದು.

ಮೇ 20, ಮಂಗಳವಾರ

ಮೂರು ದಿನದಿಂದ ಮಳೆ, ಮೇ ತಿಂಗಳಲ್ಲಿ ಇಂಥದ್ದು ಕಂಡಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಜಂಬಪ್ಪನ ಫೋನು. "ಕೋಡಿ ಬೀಳ್ತೈತ್ರಿ. ಇನ್ನೊಂದು ತಾಸು, ಒಂದೂವರಿ ತಾಸು." ಕೋಡಿ ಬಿದ್ದರೆ, ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಬಿದ್ದರೆ, ಹಟ್ಟಿಯ ಕೆಳಕೇರಿಯ ಮೇಲೇ ಹೋಗುತ್ತದೆ. ನಮ್ಮ ದಾಖಲೆಯ ಪ್ರಕಾರ ಅಲ್ಲಿ ಯಾರೂ ಇಲ್ಲದ್ದರಿಂದ ಯಾರಿಗೆ ತಿಳಿಸಬೇಕು ಎಂಬ ಕಾಲಂ ಖಾಲಿಯಿದೆ. ಅವನು ನನಗೆ ಯಾಕೆ ಫೋನು ಮಾಡಿದನೋ. ನಾನು ಯಾಕೆ ಹೋದೆನೋ.

ನಾನು ಹೋಗಿ ಮುಟ್ಟಿದಾಗ ಅವನು ತೂಬು ಎತ್ತಿ ಮುಗಿಸಿ, ಗೊಬ್ಬರದ ಚೀಲವನ್ನು ತಲೆಗೆ ಹೊದ್ದು ಇಳಿಯಲು ಹೊರಟಿದ್ದ. ಹಿಂದೆಯೇ ನಡೆದೆ. ಮೇಲಿನ ಮನೆಗಳನ್ನೆಲ್ಲ ದಾಟಿ ತೀರ ಕೆಳಗಿನ ಮನೆಗೆ ಮೊದಲು ಹೋದ.

"ಮ್ಯಾಲಿನೋರಿಗೆ ನೀರಿನ ಸಪ್ಪಳ ಕೇಳತೈತ್ರಿ. ಕೆಳಗಿನೋರಿಗೆ ನಾನ ಕೇಳಬೇಕು. ಮೊದಲು ಕರೆಮ್ಮ, ಕಣ್ಣು ಕಾಣಂಗಿಲ್ಲ. ಆಮ್ಯಾಲೆ ಹೊನ್ನೂರುಸ್ವಾಮಿ, ರಾತ್ರಿ ಪಾಳಿ ಮುಗಿಸಿ ಹೆಣ ಮಲಗಿದಂಗ ಮಲಗಿರ್ತಾನ. ಅದರ ಬಾಜೂಕ ಬಾಣಂತಿ."

ಹೀಗೆ ಒಂದೊಂದೇ ಬಾಗಿಲು. ಅವನಿಗೆ ಕ್ರಮ ಬಾಯಿಪಾಠ. ಯಾರ ಮನೆಯ ಚಿಲಕ ಬಿಗಿ, ಯಾರು ಒಂದೇ ಕೂಗಿಗೆ ಏಳುತ್ತಾರೆ, ಯಾರು ಬೈದರೆ ಮಾತ್ರ ಏಳುತ್ತಾರೆ. ಹೊನ್ನೂರುಸ್ವಾಮಿಯನ್ನು ಬೈದೇ ಎಬ್ಬಿಸಿದ. "ಏಳಲೇ, ನಿನ್ನ ಮಂಚ ತೇಲಿ ಕಂಪ್ಲಿ ಮುಟ್ಟತೈತಿ!" ನಾನು ಛತ್ರಿಯಡಿ ಹೆಸರು ಬರೆದುಕೊಳ್ಳುತ್ತಾ ಹೋದೆ. ಎಷ್ಟನೇ ಮನೆಯಲ್ಲೋ ಹೊಳೆಮ್ಮ ನನ್ನ ಕೈಯಲ್ಲಿದ್ದ ಛತ್ರಿ ಕಸಿದು ಬಾಣಂತಿಗೆ ಕೊಟ್ಟು, ನನಗೆ ಒಂದು ಕುಕ್ಕರ್ ಮತ್ತು ಒಂದು ಕೋಳಿ ಕೊಟ್ಟಳು. "ಬರ್ರಿ ಬರ್ರಿ ಜಲ್ದಿ, ನಿಂತು ನೋಡಬ್ಯಾಡ್ರಿ." ಐವತ್ತೆಂಟು ವರ್ಷದ ಸಹಾಯಕ ಕಾರ್ಯಪಾಲಕ ಎಂಜಿನಿಯರಾದ ನಾನು ಕೋಳಿ ಹಿಡಿದು ದಿಬ್ಬ ಹತ್ತಿದೆ. ಕೋಳಿ ನನ್ನನ್ನು ಮೊದಲಿನಿಂದಲೂ ನಂಬಲಿಲ್ಲ.

ಕೋಡಿ ಬಿತ್ತು. ಕೆಳಕೇರಿಯಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿದು ಸಂಜೆಗೆ ಇಳಿಯಿತು. ಎರಡು ಗೋಡೆ, ಒಂದು ಕರು ಹೋದವು. ಮನುಷ್ಯರು ಯಾರೂ ಹೋಗಲಿಲ್ಲ.

ಒಟ್ಟು ಎಷ್ಟು ಜನ ಎಂದು ಜಂಬಪ್ಪನನ್ನು ಕೇಳಿದೆ. ಬಂಡೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ.

"ಮಂದೀನ ಎಣಸಬಾರದ್ರಿ, ಆಯುಷ್ಯ ಕಡಿಮಿ ಆಕ್ಕೈತಿ. ಹೆಸರು ಹೇಳೀನಲ್ಲ, ನೀವ ನೋಡ್ಕೊರಿ." ತಲೆಯ ಮೇಲಿನ ಚೀಲ ಕೊಡವುತ್ತಾ ಅಂದ: "ಹೋದ ವರ್ಷ ಮಳಿಗಾಲದಾಗ ಜ್ವರ ಬಂದು ಹದಿನೈದು ದಿನ ಮಲಗಿದ್ದೆ. ಆಗ ಕೋಡಿ ಬೀಳಲಿಲ್ಲ. ಬಿದ್ದಿದ್ರ..."

ಉಳಿದ ಮನೆಗಳ ಹೆಸರನ್ನೂ ಅವನನ್ನು ಕೇಳಿ ಬರೆದುಕೊಂಡೆ. ಆಮೇಲೆ ಕೂಡಿಸಿದೆ.

ನಲವತ್ತೊಂದು ಮನೆ. ನೂರಾ ಅರವತ್ತಮೂರು.

ಮೇ 21, ಬುಧವಾರ

ಮೈಕೈ ನೋವು, ಶೀತ. ಹೆಸರುಗಳನ್ನು ಅಕ್ಷರಕ್ರಮದಲ್ಲಿ ಹೊಂದಿಸಲು ಕೂತೆ, ಕಚೇರಿಯ ಪದ್ಧತಿಯಂತೆ. ಹೊನ್ನೂರುಸ್ವಾಮಿ ಏಳನೆಯ ಪುಟಕ್ಕೆ ಹೋಗುತ್ತಾನೆ. ಅಷ್ಟು ಹೊತ್ತಿಗೆ ನೀರು ಬಂದಿರುತ್ತದೆ. ಜಂಬಪ್ಪನ ಕ್ರಮದಲ್ಲೇ ಬಿಟ್ಟೆ. ಅನುಕೂಲಕ್ಕಾಗಿ, ಅಷ್ಟೆ.

ಮೇ 27, ಮಂಗಳವಾರ

ದೊಡ್ಡ ಸಾಹೇಬರು ಪಟ್ಟಿ ನೋಡಿ ಕನ್ನಡಕ ತೆಗೆದರು. ಸೈರನ್ನೂ ಇಲ್ಲದ, ಯೋಜನೆಯೂ ಇಲ್ಲದ ಕಟ್ಟೆಯ ಕೆಳಗೆ ಇಷ್ಟು ಜನ ಎಂದು ಕಳಿಸಿದರೆ ಮೇಲಿನವರು ಮೊದಲು ಕೇಳುವುದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಫಾರಂನಲ್ಲಿ ಒಂದು ಕಾಲಂ ಅದಕ್ಕೆಂದೇ ಇದೆ: "ಹಿಂದಿನ ವರ್ಗ ಬದಲಾಗಲು ಕಾರಣ." ಅವರು ಕೆಟ್ಟವರಲ್ಲ, ದಾರಿ ತೋರಿಸಿದರು.

"ಜನಸಂಖ್ಯೆಯ ಹೆಚ್ಚಳದಿಂದ ಅಂತ ಬರೀರಿ. ಮುಗೀತಲ್ಲ?"

"ಹನ್ನೊಂದು ವರ್ಷದಲ್ಲಿ ಸೊನ್ನೆಯಿಂದ ನೂರಾ ಅರವತ್ತಮೂರಕ್ಕೆ, ಸರ್?"

"ದೇಶದಲ್ಲಿ ಜನಸಂಖ್ಯೆ ಹೆಚ್ಚುತ್ತಾ ಇದೆ ಕೊಟ್ರಯ್ಯ. ನಿಮ್ಮ ನಿವೃತ್ತಿ ಯಾವಾಗ?"

"ಮುಂದಿನ ವರ್ಷ ಸೆಪ್ಟೆಂಬರ್."

"ನೋಡಿ ಮತ್ತೆ."

ಎಷ್ಟು ಸುಂದರವಾದ ವಾಕ್ಯ! ಹಟ್ಟಿಗೆ ಸೈರನ್ನು ಬರುತ್ತದೆ, ನನ್ನ ಸಹಿ ಉಳಿಯುತ್ತದೆ. ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಮನೆಗೆ ಬಂದೆ. ಸುಮಂಗಲಾ ಕಂಪ್ಲಿಯ ಶಾಲೆಯಲ್ಲಿ ಮೂವತ್ತು ವರ್ಷದಿಂದ ಉತ್ತರ ಪತ್ರಿಕೆ ತಿದ್ದುತ್ತಿರುವವಳು. ಯಾವ ಕಾಗದ ಕಂಡರೂ ಓದುತ್ತಾಳೆ.

"ಅಂದ್ರ ಅವರೆಲ್ಲಾ 2014 ಆದಮ್ಯಾಲೆ ಬಂದೋರು ಅಂತ ನೀವ ಬರ್ಕೊಟ್ಟಂಗಾತಲ್ಲ?"

"ಹಂಗಲ್ಲ, ಇದು ನಮ್ಮ ಕಚೇರಿ ಭಾಷೆ."

"ನೋಟಿಸು ಕೊಡೋರ ಭಾಷೆನೂ ಅದೇ ಅಲ್ಲೇನ್ರಿ? 2015ಕ್ಕ ಮೊದಲು ಇದ್ದಿದ್ದಕ್ಕ ಕಾಗದ ತೋರಸ್ರಿ ಅಂತ ಅವರು ಕೇಳಿದ್ರ, ಮೊದಲು ಇರಲೇ ಇಲ್ಲ ಅಂತ ನಿಮ್ಮ ಕಾಗದ ಸಿಗತೈತಿ. ಏಳು ಮನಿಗೆ ಬಂದ ನೋಟಿಸು ನಲವತ್ತೊಂದಕ್ಕ ಬರತೈತಿ."

ಅವಳು ಕೆಂಪು ಪೆನ್ನು ತೆಗೆದುಕೊಳ್ಳಲಿಲ್ಲ, ಅಷ್ಟೇ ಬಾಕಿ. ಊಟ ಸೇರಲಿಲ್ಲ. ಸಾರಿನ ದೋಷವಲ್ಲ.

ಮೇ 30, ಶುಕ್ರವಾರ

ನಾಳೆ ಕೊನೆಯ ದಿನ. ರಜೆ ಹಾಕಿ ಹಟ್ಟಿಗೆ ಹೋದೆ. ಅವರ ಒಪ್ಪಿಗೆ ಕೇಳುವ ನಿಯಮವೇನೂ ಇಲ್ಲ. ಅವರು ಬೇಡವೆಂದರೆ ನಾನು ಪಾರಾಗಬಹುದು ಎಂಬ ಆಸೆ ಇತ್ತು; ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಹೊಳೆಮ್ಮ ಬಿದ್ದ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಜಂಬಪ್ಪ ಕೂತು ಸಲಹೆ ಕೊಡುತ್ತಿದ್ದ. ಮೂರು ದಾರಿಗಳನ್ನೂ ವಿವರಿಸಿದೆ: ಸೊನ್ನೆ ಬರೆಯುವುದು, ಜನ ಹೆಚ್ಚಾದರು ಎಂದು ಬರೆಯುವುದು, ಆಗಲೇ ಇದ್ದರು, ನಾನೇ ನೋಡಲಿಲ್ಲ ಎಂದು ಬರೆಯುವುದು.

"ಜನ ಹೆಚ್ಚಾದ್ರು ಅಂದ್ರ ಯಾರಿಗೆ ತ್ರಾಸು?"

"ನಿಮಗ."

"ನೀವು ನೋಡಲಿಲ್ಲ ಅಂದ್ರ?"

"ನನಗ."

"ಸೊನ್ನಿ ಬರದ್ರ?"

"ಯಾರಿಗೂ ಇಲ್ಲ. ಕೋಡಿ ಬೀಳೋತನಕ."

ಅವಳು ಕೈಯ ಮಣ್ಣನ್ನು ಉಂಡೆ ಮಾಡುತ್ತಾ ಜಂಬಪ್ಪನನ್ನು ನೋಡಿದಳು. "ಈ ಯಣ್ಣನ ಕಾಲು ಇನ್ನ ಎಷ್ಟು ವರ್ಷ ಓಡ್ತಾವ?"

"ನನ್ನ ಕಾಲಿನ ಸುದ್ದಿ ಬ್ಯಾಡ," ಎಂದ ಜಂಬಪ್ಪ.

"ನಿನ್ನ ಕಾಲ ಮ್ಯಾಲೇ ನಾವು ನಿಂತೀವಲ್ಲೋ ಯಣ್ಣ, ಅದಕ್ಕ ಕೇಳಿದೆ." ಆಮೇಲೆ ನನಗೆ: "ನೀವು ನೋಡಲಿಲ್ಲ ಅಂತ ಬರದ್ರ, ನಾವು ಆಗ ಇದ್ವಿ ಅಂತ ಆಕ್ಕೈತಲ್ರಿ? ಸರಕಾರದ ಕಾಗದದಾಗ?"

"ಆಕ್ಕೈತಿ."

"ಹಂಗಿದ್ರ ಎಣಿಸ್ರಿ. ಆದ್ರ ಸರಿಯಾಗಿ ಎಣಿಸ್ರಿ."

ಜಂಬಪ್ಪ ಕೇರಿಕೇರಿ ನಡೆದು ಯಾವ ಮನೆ ಆಗ ಇತ್ತು, ಯಾವುದು ಆಮೇಲೆ ಎದ್ದದ್ದು ಎಂದು ಹೇಳಿದ. ಅವನು ಸುಳ್ಳು ಸೇರಿಸಲಿಲ್ಲ. ತನ್ನ ಅಳಿಯನ ಮನೆಯನ್ನೇ "ಇದು ಮೊನ್ನಿ ಮೊನ್ನಿದು" ಎಂದು ಬಿಡಿಸಿದ. 2014ರಲ್ಲಿ ಇದ್ದವು ಮೂವತ್ತನಾಲ್ಕು.

ಮೇ 31, ಶನಿವಾರ

"2014ರ ತಪಾಸಣೆಯ ಕಾಲಕ್ಕೆ ಅಣೆಕಟ್ಟಿನ ಕೆಳಗೆ ಮೂವತ್ತನಾಲ್ಕು ಮನೆಗಳಿದ್ದವು. ಬೀಗ ಹಾಕಿದ ಬಾಗಿಲುಗಳನ್ನು ಕಂಡು ಯಾರೂ ವಾಸವಿಲ್ಲವೆಂದು ನಾನು ಬರೆದೆ. ವಿಚಾರಿಸಲಿಲ್ಲ. ತಪ್ಪು ನನ್ನದು."

ಟೈಪು ಮಾಡುತ್ತಿದ್ದ ಸುಧಾರಾಣಿ ನಿಲ್ಲಿಸಿದಳು. "ಸರ್, 'ಕಣ್ತಪ್ಪಿನಿಂದ' ಅಂತ ಹಾಕ್ಲಾ?"

"ಕಣ್ಣಿಗೆ ಏನೂ ಆಗಿರಲಿಲ್ಲಮ್ಮಾ. ಊಟದ ಹೊತ್ತಾಗಿತ್ತು."

ನಾಲ್ಕೂ ಹತ್ತಕ್ಕೆ ಕಳಿಸಿದೆವು. ಧೈರ್ಯ ಗೀರ್ಯ ಏನೂ ಅನಿಸಲಿಲ್ಲ.

ಜೂನ್ 18, ಬುಧವಾರ

ಎರಡು ಕಾಗದ ಒಟ್ಟಿಗೆ ಬಂದವು. ಗೊಗ್ಗರಿಹಳ್ಳ ಹೆಚ್ಚು ಅಪಾಯದ ವರ್ಗಕ್ಕೆ ಸೇರಿದೆ. ಮಳೆಗಾಲದ ಮಟ್ಟಿಗೆ ಕೂಡಲೇ ಸೈರನ್ನು, ಇಬ್ಬರು ಕಾವಲುಗಾರರು. ಇನ್ನೊಂದು ನನಗೆ, ಕಾರಣ ಕೇಳುವ ನೋಟಿಸು: "2014ರಲ್ಲಿ ಸದರಿ ಸ್ಥಳದಲ್ಲಿ ಸುಮಾರು ಮೂವತ್ತು ಮನೆಗಳಿದ್ದಾಗ್ಯೂ ತಾವು ಕರ್ತವ್ಯಲೋಪವೆಸಗಿ..." ದೊಡ್ಡ ಸಾಹೇಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಫೈಲುಗಳಿಗೆ ಕಣ್ಣು ತೆರೆದು ಸಹಿ ಹಾಕುತ್ತಿದ್ದಾರಂತೆ. ಕಚೇರಿಗೆ ನನ್ನ ಕೊಡುಗೆ.

ಮಧ್ಯಾಹ್ನ ಹೊಳೆಮ್ಮ, ಜಂಬಪ್ಪ ಬಂದರು. ಸಮಾಧಾನ ಹೇಳಲು ಬಂದರೆಂದುಕೊಂಡು ಕುಂದ್ರಿ ಎಂದು ಚಹಾ ತರಿಸಿದೆ.

"ನಿಮಗ ಬಂದ ನೋಟಿಸಿಂದ ಝೆರಾಕ್ಸ್ ಕೊಡ್ರಿ," ಎಂದಳು ಹೊಳೆಮ್ಮ. "ಆಗ ನಾವಿದ್ವಿ ಅಂತ ಸರಕಾರನ ಬರದೈತಲ್ರಿ, ಲ್ಯಾಮಿನೇಶನ್ ಮಾಡಸ್ತೀವಿ."

ಕೊಟ್ಟೆ. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ನನ್ನ ಕರ್ತವ್ಯಲೋಪದ ಬಗ್ಗೆ ಅವಳಿಗೆ ಆಸಕ್ತಿಯಿರಲಿಲ್ಲ. ಒಂದು ಕಡೆ ಬೆರಳು ನಿಂತಿತು.

"ಸುಮಾರು ಮೂವತ್ತು ಅಂತ ಐತಲ್ರಿ. ಉಳದ ನಾಕು ಮನಿ ಯಾವುವು?"

ನೋಟಿಸನ್ನು ಈಚೆ ತಿರುಗಿಸಿ ನಾನೂ ಆ ಸಾಲು ಓದಿದೆ. ಚಹಾ ಆರಿತು.

ಜೂನ್ 20, ಶುಕ್ರವಾರ

ನೋಟಿಸಿಗೆ ಉತ್ತರ ಬರೆದೆ. ವಕೀಲರನ್ನು ಕೇಳಿ ಎಂದು ಸುಧಾರಾಣಿ ಹೇಳಿದ್ದಳು, ಕೇಳಲಿಲ್ಲ. ಸುಮಂಗಲಾ ಓದಿ, "ಆರೋಪ ಸಣ್ಣದಾತು ಅಂತ ತಕರಾರು ತಗಿಯೋ ನೌಕರ ನೀವೊಬ್ರ ಇರಬೇಕು," ಎಂದಳು. ಒಂದು ಅಲ್ಪವಿರಾಮ ಸೇರಿಸಿದಳು. ಪ್ರತಿ ಇಲ್ಲಿ ಇಟ್ಟುಕೊಳ್ಳುತ್ತೇನೆ.

"ಆರೋಪವನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದರಲ್ಲಿನ ಅಂಕಿ ತಪ್ಪಾಗಿದೆ. ನಾನು ಕಾಣದೆ ಬಿಟ್ಟ ಮನೆಗಳು 'ಸುಮಾರು ಮೂವತ್ತು' ಅಲ್ಲ, ಮೂವತ್ತನಾಲ್ಕು. ಪ್ರತಿ ಮನೆಯ ಯಜಮಾನರ ಹೆಸರನ್ನು ಲಗತ್ತಿಸಿದ್ದೇನೆ. ದಯವಿಟ್ಟು ಆರೋಪವನ್ನು ಅದರಂತೆ ಹೆಚ್ಚಿಸಿ, ಮೂವತ್ತನಾಲ್ಕೂ ಹೆಸರುಗಳನ್ನು ನಮೂದಿಸಿ, ನೋಟಿಸನ್ನು ಹೊಸದಾಗಿ ಹೊರಡಿಸಬೇಕೆಂದೂ, ಕಚೇರಿಯ ಸೀಲು ಸ್ಪಷ್ಟವಾಗಿ ಮೂಡುವಂತೆ ನೋಡಿಕೊಳ್ಳಬೇಕೆಂದೂ ಕೋರುತ್ತೇನೆ."